ಉಬ್ಬಸ ಒಂದೇ, ಉಬ್ಬಸದವರು ಬೇರೆ ಬೇರೆ

ಕಳೆದ ಚಳಿಗಾಲದ ಮಾತು. ಒಂದು ಸೋಮವಾರ ರಾತ್ರಿ 11 ಗಂಟೆಯ ಹೊತ್ತಿಗೆ ಇಪ್ಪತ್ತೆಂಟರ ಯುವಕನೊಬ್ಬನನ್ನು ಅವನ ಗೆಳೆಯರಿಬ್ಬರು ಹೆಚ್ಚುಕಡಿಮೆ ಹೊತ್ತುಕೊಂಡೇ ನನ್ನ ಕ್ಲಿನಿಕ್ಕಿಗೆ ಕರೆತಂದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯ ಕೆಲಸ, ನಮ್ಮ ಊರಿನಿಂದ ದಿನವೂ ರೈಲಿನಲ್ಲಿ ಓಡಾಟ. ಮಂಚದ ಅಂಚಿನಲ್ಲಿ ಮೊಣಕಾಲಿಗೆ ಕೈಯೂರಿ ಕುಳಿತಿದ್ದ. ಪ್ರತಿ ಉಸಿರಿಗೂ ಹೆಗಲು ಮೇಲೇಳುತ್ತಿತ್ತು, ಕುತ್ತಿಗೆಯ ಕುಳಿ ಒಳಕ್ಕೆ ಸೆಳೆಯುತ್ತಿತ್ತು. ಎದೆಯ ಸಿಳ್ಳೆ ಸ್ಟೆತಾಸ್ಕೋಪಿನ ಹಂಗಿಲ್ಲದೆ ಕೇಳಿಸುತ್ತಿತ್ತು. "ಯಾವಾಗಿನಿಂದಪ್ಪಾ?" ಎಂದು ಕೇಳಿದರೆ ಎರಡು ಪದ ಹೇಳಿ ಉಸಿರಿಗಾಗಿ ನಿಲ್ಲುತ್ತಿದ್ದ. ಅಂಥ ಸ್ಥಿತಿಯಲ್ಲೂ ಅವನು ಮಾಡಿದ ಮೊದಲ ಕೆಲಸವೆಂದರೆ ಜೇಬಿನಿಂದ ಮೊಬೈಲ್ ತೆಗೆದು ನನ್ನ ಮುಖದ ಮುಂದೆ ಹಿಡಿದದ್ದು.

ನೆಬ್ಯುಲೈಸರ್, ಆಮ್ಲಜನಕ, ಒಂದು ಸ್ಟೀರಾಯ್ಡ್ ಇಂಜೆಕ್ಷನ್. ರಾತ್ರಿ ಒಂದೂವರೆಗೆ ಉಸಿರು ಹದಕ್ಕೆ ಬಂತು. ಆಮೇಲೆ ಆ ಮೊಬೈಲನ್ನು ಸಾವಕಾಶವಾಗಿ ನೋಡಿದೆ. ಅದರಲ್ಲಿ ಏನಿರಲಿಲ್ಲ ಹೇಳಿ! ಮೂರು ವರ್ಷದ ರಕ್ತ ಪರೀಕ್ಷೆಗಳು, ಎಕ್ಸ್-ರೇ, ಊದಿಸಿ ಮಾಡುವ ಶ್ವಾಸ ಪರೀಕ್ಷೆಯ ಗ್ರಾಫು, ಬೆಂಗಳೂರಿನ ತಜ್ಞರ ಚೀಟಿ, ನಾನೇ ಅಚ್ಚು ಹಾಕಿಸಿ ನನ್ನ ಅಸ್ತಮಾ ರೋಗಿಗಳಿಗೆಲ್ಲ ಕೊಡುವ ಹಾಳೆಯ ಫೋಟೋ, ಎಲ್ಲವೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿತ್ತು. ಜೊತೆಗೆ, ಔಷಧಿಯನ್ನು ಮನೆ ಬಾಗಿಲಿಗೆ ತಂದುಕೊಡುವ ಒಂದು ಆಪ್‌ನ ಹಳೆಯ ಆರ್ಡರುಗಳ ಪಟ್ಟಿ. ಅದನ್ನು ನೋಡಿದಾಗ ನನಗೆ ಚಳಿಯಲ್ಲೂ ಬೆವರಿತು. ಒಂದು ವರ್ಷದಲ್ಲಿ ಸಾಲ್ಬ್ಯುಟಮಾಲ್ ಪಂಪು, ಅಂದರೆ ಉಸಿರು ಕಟ್ಟಿದಾಗ ತಕ್ಷಣಕ್ಕೆ ಸೇದುವ ಪಂಪು, ಹದಿಮೂರು ಸಲ ತರಿಸಿದ್ದ. ದಿನವೂ ಸೇದಬೇಕಾದ ತಡೆ ಔಷಧದ ಪಂಪು ತರಿಸಿದ್ದು ಒಂದೇ ಒಂದು ಸಲ, ಯುಗಾದಿಯ ಹೊತ್ತಿಗೆ.

"ಅದು ಹೇಗೆ ಮಾರಾಯ, ಹದಿಮೂರು?" ಎಂದೆ.

"ಪ್ರತಿ ತಿಂಗಳೂ ಆಪ್ ನೆನಪು ಮಾಡುತ್ತೆ ಡಾಕ್ಟ್ರೇ. ಹಳೇ ಚೀಟಿ ಅದರಲ್ಲೇ ಇದೆ. ಒತ್ತುತ್ತೀನಿ, ಮಾರನೇ ದಿನ ಬರುತ್ತೆ."

ಅದೇ ವಾರದ ಗುರುವಾರ ಬೆಳಿಗ್ಗೆ ಬಂದವರು ನಮ್ಮ ಊರಿನ ಒಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ಕೆಲಸ ಮಾಡುವ ಹೆಂಗಸು. ಐವತ್ತರ ಆಸುಪಾಸು. ಅಕ್ಷರ ಬಾರದು. ಮನೆಯಲ್ಲಿ ಇರುವ ಒಂದು ಮೊಬೈಲು ಮಗನ ಕೈಯಲ್ಲಿ. ಆಕೆ ಬಂದದ್ದು ಉಬ್ಬಸ ಬಂತೆಂದಲ್ಲ, ಪಂಪು ಮುಗಿಯುತ್ತಾ ಬಂತೆಂದು. ಪ್ಲಾಸ್ಟಿಕ್ ಕವರಿನಿಂದ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಹರವಿದರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರು. ತಾರೀಖಿನ ಚೌಕದೊಳಗೆ ಹಾಲಿಗೊಂದು ಚುಕ್ಕೆ, ಅದರ ಪಕ್ಕ ಪೆನ್ಸಿಲಿನಲ್ಲಿ ಬೇರೆ ಗುರುತುಗಳು.

"ಈ ಗೀಟು ದಿನಾ ಎಳೆಯೋ ಪಂಪು ಸಾರ್, ಬೆಳಿಗ್ಗೆ ಒಂದು, ರಾತ್ರಿ ಒಂದು. ಈ ಸೊನ್ನೆ ದಮ್ಮು ಬಂದಾಗ ಎಳೆದಿದ್ದು. ಈ ಕತ್ತರಿ ಗುರುತು ರಾತ್ರಿ ಎದ್ದು ಕೂತಿದ್ದು."

ತಿಂಗಳಿಡೀ ಗೀಟುಗಳ ಸಾಲು ಎಲ್ಲೂ ತಪ್ಪಿರಲಿಲ್ಲ. ಸೊನ್ನೆಗಳು ಅಲ್ಲೊಂದು ಇಲ್ಲೊಂದು. ಆದರೆ ಹಿಂದಿನ ತಿಂಗಳ ಒಂದು ವಾರದಲ್ಲಿ ಮಾತ್ರ ಸೊನ್ನೆಗಳೂ ಕತ್ತರಿಗಳೂ ಒತ್ತೊತ್ತಾಗಿ ಬಿದ್ದಿದ್ದವು. ಏನಾಯಿತೆಂದು ಕೇಳಿದೆ. ಆ ವಾರ ಗೂಡು ಬೇಯಿಸುವ ಬಿಸಿನೀರಿನ ತೊಟ್ಟಿಯ ಬಳಿ ಇರುವವಳು ರಜೆ ಹಾಕಿದ್ದಳಂತೆ, ಆ ಜಾಗಕ್ಕೆ ಈಕೆಯನ್ನು ನಿಲ್ಲಿಸಿದ್ದರಂತೆ. ರೇಷ್ಮೆ ನೂಲು ತೆಗೆಯುವವರಲ್ಲಿ ಕೆಲಸದಿಂದಲೇ ಅಸ್ತಮಾ ಬರುವ ಬಗ್ಗೆ ಬೆಂಗಳೂರಿನ ವಿಜ್ಞಾನಿಗಳು 1985ರಲ್ಲೇ ಬರೆದಿದ್ದಾರೆ. ನಾನು ಅದನ್ನು ಓದಿದ್ದೆ. ಆದರೆ ನನ್ನ ರೋಗಿಯ ವಿಷಯದಲ್ಲಿ ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಆ ಪೆನ್ಸಿಲ್ ಗುರುತು. ಆಕೆಗೆ ವರ್ಷದಿಂದ ಆಸ್ಪತ್ರೆ ಸೇರುವ ಪ್ರಸಂಗವೇ ಬಂದಿರಲಿಲ್ಲ.

ಇಬ್ಬರಿಗೂ ಒಂದೇ ಕಾಯಿಲೆ, ಹೆಚ್ಚುಕಡಿಮೆ ಒಂದೇ ಔಷಧ, ನಾನು ಕೊಟ್ಟ ಅದೇ ಅಚ್ಚಿನ ಹಾಳೆ. ಒಬ್ಬನಿಗೆ ಓದು, ಸಂಬಳ, ಮೊಬೈಲು ಎಲ್ಲ ಇತ್ತು. ಇನ್ನೊಬ್ಬರಿಗೆ ಹಾಳೆಯನ್ನು ಮೊಮ್ಮಗ ಒಂದು ಸಲ ಓದಿ ಹೇಳಿದ್ದಷ್ಟೇ. ಆ ಹಾಳೆಯನ್ನು ಅಚ್ಚು ಹಾಕಿಸಿದಾಗ ನನ್ನ ಕೆಲಸ ಮುಗಿಯಿತೆಂದು ನಾನು ಭಾವಿಸಿದ್ದು ತಪ್ಪು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ನೀಲಿ ಪಂಪಿನ ಮೋಹ

ಅಸ್ತಮಾ ಎಂದರೆ ಏನು ಎಂಬುದನ್ನು ಈ ಅಂಕಣದ ಓದುಗರಿಗೆ ಬಹಳ ವಿವರಿಸಬೇಕಿಲ್ಲ. ಶ್ವಾಸನಾಳಗಳ ಒಳಪದರಕ್ಕೆ ಸದಾ ಸಣ್ಣಗೆ ಉರಿಯೂತ. ಧೂಳು, ಹೊಗೆ, ತಂಪುಗಾಳಿ, ನೆಗಡಿಯ ವೈರಸ್, ಪಾರ್ಥೇನಿಯಂ ಪರಾಗ, ಹಾಸಿಗೆಯ ಧೂಳಿನ ಹುಳ, ಹೀಗೆ ಯಾವುದೋ ಒಂದು ತಾಗಿದಾಗ ಆ ನಾಳದ ಸುತ್ತಲ ಸ್ನಾಯು ಬಿಗಿಯುತ್ತದೆ, ಒಳಗೋಡೆ ಊದುತ್ತದೆ, ಲೋಳೆ ಕಟ್ಟುತ್ತದೆ. ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ನಮ್ಮ ಹಿರಿಯರು ಇದನ್ನೇ ಗೂರಲು, ದಮ್ಮು, ಉಬ್ಬಸ ಎಂದರು. 2019ರ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಇಡೀ ಜಗತ್ತಿನಲ್ಲಿ ಅಸ್ತಮಾದಿಂದ ಸಾಯುವವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ನಮ್ಮವರು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನವರನ್ನು ವರ್ಷಗಟ್ಟಲೆ ಪರಿಶೀಲಿಸಿ, 1979ರಲ್ಲಿ ನೂರಕ್ಕೆ 9 ಇದ್ದ ಅಸ್ತಮಾ 1999ರಲ್ಲಿ 29.5ಕ್ಕೆ ಏರಿದ್ದನ್ನು ದಾಖಲಿಸಿದ್ದರು.

ಔಷಧಗಳು ಮುಖ್ಯವಾಗಿ ಎರಡು ಬಗೆ. ಸ್ನಾಯುವಿನ ಬಿಗಿತ ಬಿಡಿಸಿ ತಕ್ಷಣ ಆರಾಮ ಕೊಡುವುದು ಒಂದು. ಸಾಮಾನ್ಯವಾಗಿ ನೀಲಿ ಬಣ್ಣದ ಪಂಪು. ಉರಿಯೂತವನ್ನೇ ತಗ್ಗಿಸಿ ಉಬ್ಬಸ ಬರದಂತೆ ತಡೆಯುವುದು ಇನ್ನೊಂದು. ಇದರಲ್ಲಿ ಅಲ್ಪ ಪ್ರಮಾಣದ ಸ್ಟೀರಾಯ್ಡ್ ಇರುತ್ತದೆ. (ಬಣ್ಣವನ್ನಷ್ಟೇ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹೆಸರು ಓದಿಸಿಕೊಳ್ಳಿ.) ಮೊದಲನೆಯದು ಐದು ನಿಮಿಷದಲ್ಲಿ ಉಪಕಾರ ತೋರಿಸುತ್ತದೆ. ಎರಡನೆಯದು ವಾರಗಟ್ಟಲೆ ಸದ್ದಿಲ್ಲದೆ ದುಡಿಯುತ್ತದೆ. ಮನುಷ್ಯ ಯಾವುದನ್ನು ಮೆಚ್ಚುತ್ತಾನೆ ಹೇಳಬೇಕೆ?

ಈ ಮೆಚ್ಚುಗೆಯೇ ಅಪಾಯ. ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸತ್ತವರ ದಾಖಲೆಗಳನ್ನು ತೆರೆದು ನೋಡಿ 2014ರಲ್ಲಿ ಒಂದು ವರದಿ ಪ್ರಕಟಿಸಿದರು. ಎಷ್ಟು ಪಂಪು ಪಡೆದಿದ್ದರೆಂದು ತಿಳಿದುಬಂದವರಲ್ಲಿ ನೂರಕ್ಕೆ 39 ಮಂದಿ ಸಾಯುವ ಹಿಂದಿನ ಒಂದು ವರ್ಷದಲ್ಲಿ 12ಕ್ಕಿಂತ ಹೆಚ್ಚು ತಾತ್ಕಾಲಿಕ ಆರಾಮದ ಪಂಪು ಪಡೆದವರು. ನನ್ನ ಯುವಕನ ಹದಿಮೂರು ನೋಡಿ ನಾನು ಬೆವರಿದ್ದು ಇದಕ್ಕೇ. ವರ್ಷಕ್ಕೆ ಮೂರು ಅಥವಾ ಹೆಚ್ಚು ಪಂಪು ಮುಗಿಯುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದೇ ತಿಳಿಯಬೇಕು. 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹದಿಹರೆಯದವರು ಮತ್ತು ದೊಡ್ಡವರಿಗೆ ನೀಲಿ ಪಂಪೊಂದನ್ನೇ ಬರೆಯುವುದನ್ನು ಕೈಬಿಡಿ ಎಂದು ವೈದ್ಯರಿಗೆ ಹೇಳುತ್ತಿದೆ. ಔಷಧಿ ತರಿಸುವ ಆಪ್‌ಗೆ ಇದೆಲ್ಲ ಗೊತ್ತಿಲ್ಲ. ಅದು ಉಪ್ಪು, ಸೋಪಿನಂತೆ ಪಂಪನ್ನೂ ನೆನಪಿಸುತ್ತದೆ.

ಕೈ, ಕಣ್ಣು, ಲೆಕ್ಕ

ಸಕ್ಕರೆ ಕಾಯಿಲೆಯಂತೆ ಅಸ್ತಮಾದಲ್ಲೂ ವೈದ್ಯನ ಪಾಲು ಕಡಿಮೆ. ವರ್ಷದಲ್ಲಿ ನಾಲ್ಕು ಸಲ ನಾನು ನೋಡಿದರೆ ಉಳಿದ ದಿನಗಳೆಲ್ಲ ರೋಗಿಯೇ ತನ್ನ ವೈದ್ಯ. ಹಾಗಿರುವಾಗ ಆ ರೋಗಿ ಯಾರು ಎಂಬುದು ಔಷಧದಷ್ಟೇ ಮುಖ್ಯ.

ಕೈಯಿಂದಲೇ ಶುರು ಮಾಡೋಣ. ಪಂಪು ಒತ್ತುವುದು ಸಣ್ಣ ಕೆಲಸವೆಂದು ತೋರುತ್ತದೆ. ಚೆನ್ನಾಗಿ ಅಲುಗಾಡಿಸಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ತುಟಿ ಬಿಗಿದು ನಿಧಾನವಾಗಿ ಒಳಗೆಳೆಯಲು ಆರಂಭಿಸುವಾಗಲೇ ಒತ್ತಬೇಕು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಪಂಪಾದರೆ ಕೊನೆಗೆ ಬಾಯಿ ಮುಕ್ಕಳಿಸಬೇಕು. ನನ್ನ ಎದುರಿಗೆ ಒತ್ತಿ ತೋರಿಸಿ ಎಂದರೆ ಬಹಳ ಜನ ಎಲ್ಲೋ ಒಂದು ಕಡೆ ತಪ್ಪುತ್ತಾರೆ. ಬಾಯಿಗೆ ಸೆಂಟು ಹೊಡೆದುಕೊಂಡ ಹಾಗೆ ಒತ್ತಿ ನುಂಗುವವರೂ ಇದ್ದಾರೆ. ಆ ಸಾಫ್ಟ್‌ವೇರ್ ಯುವಕನೂ ಇದರಲ್ಲಿ ತಪ್ಪಿದ್ದ. ಬೆರಳ ಗಂಟು ನೋವಿರುವ ಅಜ್ಜಿಗೆ ಒತ್ತಲು ಬಲವೇ ಇರುವುದಿಲ್ಲ. ಐದು ವರ್ಷದ ಮಗುವಿಗೆ ಒತ್ತುವುದು, ಎಳೆಯುವುದು ಹೊಂದುವುದಿಲ್ಲ. ಇವರಿಗೆ ಸ್ಪೇಸರ್ ಎಂಬ ಡಬ್ಬಿ ಇದೆ. ಔಷಧ ಮೊದಲು ಡಬ್ಬಿಯೊಳಗೆ ತುಂಬುತ್ತದೆ, ಅಲ್ಲಿಂದ ಸಾವಕಾಶವಾಗಿ ಎಳೆದುಕೊಳ್ಳಬಹುದು. ಕೊಳ್ಳಲು ಆಗದಿದ್ದರೆ? ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನ ವೈದ್ಯರು 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಸಂದು ಮುಚ್ಚಿ, ಮಕ್ಕಳ ಮೇಲೆ ಪರೀಕ್ಷಿಸಿದರು. ಅಂಗಡಿಯ ಸ್ಪೇಸರಿನಷ್ಟೇ ಉಪಯುಕ್ತ ಎಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನಮ್ಮಲ್ಲಿಯೂ ಮಾಡಿಕೊಳ್ಳಬಹುದು, ಆದರೆ ಬಳಸುವ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ.

ಲೆಕ್ಕ ಇನ್ನೊಂದು ತೊಡಕು. ಊದಿ ನೋಡುವ ಪೀಕ್ ಫ್ಲೋ ಮೀಟರ್ ಎಂಬ ಪುಟ್ಟ ಸಾಧನವಿದೆ. ಚೆನ್ನಾಗಿದ್ದ ದಿನ ಊದಿದ ಅತಿ ಹೆಚ್ಚಿನ ಅಂಕೆಯ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕಿಂತ ಕೆಳಗೆ ಕೆಂಪು ಎಂದು ನಾವು ಬರೆದು ಕಳಿಸುತ್ತೇವೆ. ಶೇಕಡಾ ಲೆಕ್ಕ ಎಷ್ಟು ಜನಕ್ಕೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಒಮ್ಮೆ ಕೇಳಿ ನೋಡಿದರು. ಮಾತ್ರೆಗಳ ಎಣಿಕೆ, ಶೇಕಡಾ ಲೆಕ್ಕ ಈ ಬಗೆಯ ನಾಲ್ಕು ಪ್ರಶ್ನೆ. ನಾಲ್ಕಕ್ಕೂ ಸರಿ ಉತ್ತರ ಕೊಟ್ಟ ಅಸ್ತಮಾ ರೋಗಿಗಳು ಐದರಲ್ಲಿ ಒಬ್ಬರೂ ಇರಲಿಲ್ಲ. ನಾನು ಈಗ ಶೇಕಡಾ ಬರೆಯುವುದನ್ನೇ ಬಿಟ್ಟಿದ್ದೇನೆ. ನಿಮ್ಮ ಅತಿ ಹೆಚ್ಚಿನ ಅಂಕೆ 400 ಆದರೆ, ಮೀಟರಿನ ಮೇಲೆಯೇ 320ರಲ್ಲಿ ಒಂದು ಹಳದಿ ಪಟ್ಟಿ, 200ರಲ್ಲಿ ಒಂದು ಕೆಂಪು ಪಟ್ಟಿ ಅಂಟಿಸಿ ಕಳಿಸುತ್ತೇನೆ.

ಉಸಿರು ಕಟ್ಟುವುದು ಎಲ್ಲರಿಗೂ ಒಂದೇ ರೀತಿ ತಿಳಿಯುತ್ತದೆ ಎಂದು ನೀವು ಭಾವಿಸಿದ್ದರೆ ಅದೂ ಸರಿಯಲ್ಲ. ನನ್ನ ಬಳಿ ಬರುವ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದಾರೆ. ಯಾವಾಗ ಕೇಳಿದರೂ "ಚೆನ್ನಾಗಿದ್ದೀನಿ ಡಾಕ್ಟ್ರೇ". ಒಮ್ಮೆ ಹಾಗೆಂದವರನ್ನು ಊದಿಸಿ ನೋಡಿದರೆ ಅವರ ಎಂದಿನ ಅಂಕೆಯ ಅರ್ಧವೂ ಇರಲಿಲ್ಲ. ನಾನು ಮೊದಲು ಮೇಷ್ಟ್ರ ಬಿಗುಮಾನ ಎಂದುಕೊಂಡೆ. ಆದರೆ ಜಪಾನಿನ ವೈದ್ಯರು 1994ರಲ್ಲಿ ತೋರಿಸಿದ್ದು ಬೇರೆ: ಅಸ್ತಮಾದಿಂದ ಸಾವಿನ ಬಾಗಿಲಿಗೆ ಹೋಗಿ ಬಂದವರಲ್ಲಿ ಉಸಿರಿನ ತೊಂದರೆಯನ್ನು ಅರಿಯುವ ಶಕ್ತಿಯೇ ಮಂದವಾಗಿತ್ತು. ಇಂಥವರಿಗೆ "ಕಷ್ಟ ಆದಾಗ ಬನ್ನಿ" ಎಂಬ ಸಲಹೆ ಏನೂ ಪ್ರಯೋಜನವಿಲ್ಲ. ಕಷ್ಟ ಆಗುವುದೇ ಅವರಿಗೆ ತಡವಾಗಿ. ಇವರು ಊದುವ ಮೀಟರನ್ನು ನಂಬಬೇಕು, ಮೈಯನ್ನಲ್ಲ. ಇದಕ್ಕೆ ತದ್ವಿರುದ್ಧವಾಗಿ ಸ್ವಲ್ಪ ಎದೆ ಬಿಗಿದರೂ ಗಾಬರಿಯಾಗಿ ಪಂಪನ್ನು ಹತ್ತು ಸಲ ಒತ್ತುವವರೂ ಉಂಟು. ಅದೇ ಮೀಟರು ಅವರಿಗೆ ಧೈರ್ಯ ಕೊಡುತ್ತದೆ.

ಬೀರುವಿನಲ್ಲಿ ಅಡಗಿದ ಪಂಪು

"ಪಂಪು ಅಭ್ಯಾಸ ಆಗಿಬಿಡುತ್ತಲ್ಲ ಸಾರ್, ಮಾತ್ರೆಯನ್ನೇ ಕೊಟ್ಟುಬಿಡಿ." ವಾರಕ್ಕೆ ನಾಲ್ಕು ಸಲವಾದರೂ ಈ ಮಾತು ಕೇಳುತ್ತೇನೆ. ಸಾಲ್ಬ್ಯುಟಮಾಲ್ ಮಾತ್ರೆಯಲ್ಲಿ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ ಔಷಧವಿರುತ್ತದೆ. ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಎರಡು ಒತ್ತಿದರೂ ಮಾತ್ರೆಯ ಇಪ್ಪತ್ತರಲ್ಲೊಂದು ಪಾಲು, ಅದೂ ಬೇಕಾದ ಜಾಗಕ್ಕೇ ನೇರವಾಗಿ. ಮಾತ್ರೆ ನುಂಗಿ ಕೈ ನಡುಗಿಸಿಕೊಂಡು, ಎದೆ ಡವಡವ ಎನ್ನಿಸಿಕೊಳ್ಳುವುದು ಯಾಕೆ? ಆದರೂ ಮೃಗಶಿರ ಮಳೆ ಬಂತೆಂದರೆ ಮೀನಿನ ಪ್ರಸಾದಕ್ಕೆ ಹೈದರಾಬಾದಿಗೆ ಹೊರಡುವ ಕುಟುಂಬಗಳು ನಮ್ಮಲ್ಲಿಯೂ ಇವೆ. ಹೋಗಬೇಡಿ ಎಂದು ನಾನು ಜಗಳ ಮಾಡುವುದಿಲ್ಲ. ಹೋದರೆ ಹೋಗಿ, ಪಂಪನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡೇ ಹೋಗಿ, ಬಂದ ಮೇಲೂ ನಿಲ್ಲಿಸಬೇಡಿ ಎನ್ನುತ್ತೇನೆ. ಜಗಳ ಮಾಡಿದರೆ ಹೇಳದೆ ಹೋಗುತ್ತಾರೆ, ಅಷ್ಟೆ.

ಭಯಕ್ಕಿಂತ ಕೆಟ್ಟದ್ದು ನಾಚಿಕೆ. ಬಿ.ಎಡ್. ಓದುತ್ತಿದ್ದ ಒಬ್ಬ ಹುಡುಗಿ ಚಿಕ್ಕಂದಿನಿಂದ ನನ್ನ ರೋಗಿ. ಮದುವೆ ಮಾತುಕತೆ ಶುರುವಾದಾಗ ತಾಯಿ ಬಂದು ತಗ್ಗಿದ ದನಿಯಲ್ಲಿ, "ಡಾಕ್ಟ್ರೇ, ಗಂಡಿನ ಕಡೆಯವರಿಗೆ ಗೊತ್ತಾಗಬಾರದು" ಎಂದರು. ಪಂಪು ಬೀರುವಿನಲ್ಲಿ ಸೀರೆಗಳ ನಡುವೆ ಸೇರಿತು. ಮದುವೆಯಾಗಿ ಬೇರೆ ಊರಿಗೆ ಹೋದಳು. ಅಲ್ಲಿ ಬೀರುವೂ ಇರಲಿಲ್ಲ, ಏಕಾಂತವೂ ಇರಲಿಲ್ಲ. ನಾಲ್ಕು ತಿಂಗಳು ತಡೆ ಔಷಧವೇ ಇಲ್ಲ. ಬಸುರಿಯಾದ ಐದನೇ ತಿಂಗಳಲ್ಲಿ ಒಂದು ಬೆಳಗಿನ ಜಾವ ತುಟಿ ನೀಲಿಗಟ್ಟಿದ ಸ್ಥಿತಿಯಲ್ಲಿ ಆಕೆಯನ್ನು ಅಲ್ಲಿನ ಆಸ್ಪತ್ರೆಗೆ ಸೇರಿಸಿದರು. ತಾಯಿ, ಮಗು ಇಬ್ಬರೂ ಉಳಿದರು. ಬಸುರಿನಲ್ಲಿ ಪಂಪಿನಿಂದ ಮಗುವಿಗೆ ಕೇಡು ಎಂದು ಹೆದರುವವರು ತಿಳಿಯಬೇಕಾದದ್ದು ಇಷ್ಟು: ಪಂಪು ನಿಲ್ಲಿಸಿ ಉಬ್ಬಸ ಹೆಚ್ಚಾದರೆ ಮಗುವಿಗೂ ಆಮ್ಲಜನಕ ಕಡಿಮೆಯಾಗುತ್ತದೆ. ಆಸ್ಪತ್ರೆಯಲ್ಲಿ ಆ ಹುಡುಗಿಯ ಅತ್ತೆ ಹೇಳಿದರಂತೆ, "ನಿಮ್ಮ ಮಾವನಿಗೂ ಗೂರಲು ಇತ್ತಲ್ಲೇ, ಹೇಳಿದ್ದರೆ ನಾವೇನು ಅಂದುಬಿಡುತ್ತಿದ್ದೆವು?"

ಮೊಬೈಲಿನೊಳಗಿನ ಆಸ್ಪತ್ರೆ

ಈಗ ಆಸ್ಪತ್ರೆಗಳು ತಮ್ಮ ಆಪ್ ಅಥವಾ ಜಾಲತಾಣದಲ್ಲಿ ರೋಗಿಗೊಂದು ಖಾತೆ ತೆರೆದುಕೊಡುತ್ತವೆ. ರಕ್ತದ ವರದಿ ಅಲ್ಲಿಗೇ ಬರುತ್ತದೆ, ಚೀಟಿ ಅಲ್ಲೇ ಇರುತ್ತದೆ, ಮುಂದಿನ ಭೇಟಿಯ ದಿನ ಗೊತ್ತು ಮಾಡಬಹುದು. ಸರ್ಕಾರದ ಕಡೆಯಿಂದ 14 ಅಂಕೆಗಳ ಆಭಾ ಸಂಖ್ಯೆ ಇದೆ. ದೇಶವ್ಯಾಪಿಯಾಗಿ ಆ ಯೋಜನೆ 2021ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಮನೆಯಿಂದಲೇ ವೈದ್ಯರನ್ನು ಉಚಿತವಾಗಿ ಕಾಣುವ ಇ-ಸಂಜೀವಿನಿ 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಬಂತು. ನಾನು ಇವುಗಳ ವಿರೋಧಿಯಲ್ಲ. ಮಳೆಗಾಲದಲ್ಲಿ ನೆನೆದು ಮುದ್ದೆಯಾದ ಫೈಲನ್ನು ಬಿಡಿಸಿ ಓದಲು ಒದ್ದಾಡಿದ ಯಾವ ವೈದ್ಯನೂ ವಿರೋಧಿಸಲಾರ. ಅಸ್ತಮಾದವರು ಬೇರೆ ಊರಿನಲ್ಲಿ ನಡುರಾತ್ರಿ ಆಸ್ಪತ್ರೆ ಸೇರಬೇಕಾಗಿ ಬಂದಾಗ ಹಿಂದೆ ಯಾವ ಔಷಧ, ಎಷ್ಟು ಪ್ರಮಾಣ, ಐ.ಸಿ.ಯು.ಗೆ ಹೋಗಿದ್ದರೇ ಎಂಬ ಮೂರು ಸಂಗತಿ ಮೊಬೈಲಿನಲ್ಲಿ ಸಿಕ್ಕರೆ ಅದು ಜೀವ ಉಳಿಸುವ ಮಾಹಿತಿಯೇ.

ಆದರೆ ಅದು ಯಾರ ಮೊಬೈಲು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ನೂರಕ್ಕೆ 62, ಹೆಂಗಸರು ನೂರಕ್ಕೆ 35. ಆಮೇಲೆ ಎರಡೂ ಏರಿರಬಹುದು. ಆದರೂ ನನ್ನ ಕ್ಲಿನಿಕ್ಕಿನ ಬೆಂಚಿನಲ್ಲಿ ಈಗಲೂ ಕಾಣುವುದು ಅದೇ ದೃಶ್ಯ: ಹೆಂಡತಿಗೆ ಉಬ್ಬಸ, ಗಂಡನ ಕೈಯಲ್ಲಿ ಫೋನು, ಅಪ್ಪನಿಗೆ ಉಬ್ಬಸ, ಬೆಂಗಳೂರಿನ ಮಗನ ನಂಬರಿಗೆ ಒ.ಟಿ.ಪಿ.

ಒ.ಟಿ.ಪಿ. ಎಂದಾಗ ಮೇಲೆ ಹೇಳಿದ ಹೆಡ್‌ಮಾಸ್ತರರೇ ನೆನಪಾಗುತ್ತಾರೆ. ಅವರ ಶ್ವಾಸ ಪರೀಕ್ಷೆಯ ವರದಿಯನ್ನು ಆಪ್‌ನಿಂದ ತೆಗೆಯಬೇಕಾಗಿತ್ತು. ನಮ್ಮ ಕಾಂಪೌಂಡರ್ "ಒ.ಟಿ.ಪಿ. ಹೇಳಿ ಸಾರ್" ಎಂದ. "ಹೇಳೋದಿಲ್ಲ" ಎಂದರು ಮೇಷ್ಟ್ರು. "ಯಾರು ಕೇಳಿದರೂ ಹೇಳಬೇಡಿ ಅಂತ ಬ್ಯಾಂಕಿನವರು ದಿನಾ ಮೆಸೇಜು ಕಳಿಸ್ತಾರೆ. ನೀವು ನನಗೆ ಏನು ಕಲಿಸ್ತೀರಿ?" ಅವರ ಮಾತು ತಪ್ಪೆಂದು ಹೇಗೆ ಹೇಳುವುದು? ಕೊನೆಗೆ ಅವರೇ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕೆ ಒತ್ತಿದರು. ನಾಲ್ಕನೆಯ ಅಂಕೆ ಒತ್ತುವಷ್ಟರಲ್ಲಿ ಸಮಯ ಮೀರಿ ಹೊಸ ಒ.ಟಿ.ಪಿ. ಬಂತು. ಮೂರನೇ ಸಲಕ್ಕೆ ತೆರೆದುಕೊಂಡ ವರದಿಯಲ್ಲಿ ಇದ್ದದ್ದೆಲ್ಲ ಇಂಗ್ಲಿಷು.

ಓದಬಲ್ಲವರಿಗೂ ವರದಿ ಎಂದರೆ ತಿಳಿವಳಿಕೆ ಅಲ್ಲ. ಮಗುವಿನ ರಕ್ತದಲ್ಲಿ ಅಲರ್ಜಿ ಸೂಚಕ ಅಂಕೆ ಕೆಂಪಕ್ಷರದಲ್ಲಿ ಬಂದಿದೆಯೆಂದು ರಾತ್ರಿ ಹನ್ನೆರಡಕ್ಕೆ ಫೋನು ಮಾಡಿದ ತಂದೆ ಒಬ್ಬ ಲೆಕ್ಕಪರಿಶೋಧಕರು. ಮಗು ಪಕ್ಕದ ಕೋಣೆಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು. ಅಸ್ತಮಾದವರಲ್ಲಿ ಆ ಅಂಕೆ ಹೆಚ್ಚಿರುವುದು ಮಾಮೂಲು. ಮಗು ರಾತ್ರಿ ನಿದ್ದೆ ಮಾಡುತ್ತಿದೆಯೇ, ಆಡುವಾಗ ಕೆಮ್ಮುತ್ತದೆಯೇ ಎಂಬುದು ಅದಕ್ಕಿಂತ ನೂರು ಪಾಲು ಮುಖ್ಯ. ಕಂಪ್ಯೂಟರಿಗೆ ಕೆಂಪಕ್ಷರ ಹಾಕಲು ಬರುತ್ತದೆ, ಅದರ ತೂಕ ಹೇಳಲು ಬರುವುದಿಲ್ಲ.

ಇನ್ನು ಆ ಬಿ.ಎಡ್. ಹುಡುಗಿ. ಆಕೆ ಮದುವೆಗೆ ಮುಂಚೆ ಹೋಗಿದ್ದ ದೊಡ್ಡ ಆಸ್ಪತ್ರೆಯ ಖಾತೆ ತಂದೆಯ ನಂಬರಿನಲ್ಲಿತ್ತು. "ನಿಮ್ಮ ತಪಾಸಣೆಯ ದಿನ ಮೀರಿದೆ" ಎಂಬ ಸಂದೇಶ ತಿಂಗಳಿಗೊಮ್ಮೆ ಬರುತ್ತಲೇ ಇತ್ತು, ತಂದೆಯ ಫೋನಿಗೆ. ಅವರು ಅದನ್ನು ಜಾಹೀರಾತು ಎಂದು ಅಳಿಸುತ್ತಿದ್ದರು. ಗಂಡನ ನಂಬರಿಗೆ ಬದಲಾಯಿಸಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ಆಕೆಯದೇ ನಂಬರು ಕೊಟ್ಟಿದ್ದರೆ? ಈ ಸಾಧ್ಯತೆ ಯಾರಿಗೂ ಹೊಳೆದಿರಲಿಲ್ಲ. ಹೆಣ್ಣುಮಕ್ಕಳಿಗೆ ಸ್ವಂತ ಫೋನಿದ್ದರೆ ಆಸ್ಪತ್ರೆಯಲ್ಲಿ ಆ ನಂಬರನ್ನೇ ಬರೆಸಿ ಎಂದು ಈಗ ನಾನು ಪ್ರತಿ ತಾಯಿಗೂ ಹೇಳುತ್ತೇನೆ.

ಮುಂದುವರಿದ ದೇಶಗಳಲ್ಲೂ ಕಥೆ ಬಹಳ ಭಿನ್ನವಲ್ಲ. ಅಮೆರಿಕದ ಅಧ್ಯಯನಗಳಲ್ಲಿ ವಯಸ್ಸಾದವರು, ಓದು ಕಡಿಮೆಯಿದ್ದವರು, ಬಡವರು ಇಂಥ ಆರೋಗ್ಯ ಖಾತೆಗಳನ್ನು ಕಡಿಮೆ ಬಳಸುತ್ತಾರೆಂಬುದು ಮತ್ತೆ ಮತ್ತೆ ಕಂಡಿದೆ. ಉಪಯೋಗ ಹೆಚ್ಚು ಬೇಕಾದದ್ದೂ ಅವರಿಗೇ. ಫಿಲಡೆಲ್ಫಿಯಾದಲ್ಲಿ ಬಡ ಅಸ್ತಮಾ ರೋಗಿಗಳಿಗೆ ಖಾತೆ ಬಳಸಲು ಕಲಿಸಿದ್ದಲ್ಲದೆ, ಅವರಲ್ಲಿ ಒಂದು ಗುಂಪಿನವರ ಮನೆಗೆ ಆರೋಗ್ಯ ಕಾರ್ಯಕರ್ತೆಯರನ್ನೂ ಕಳಿಸಿ ನೋಡಿದರು. ನಮ್ಮಲ್ಲಿ ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿದ್ದಾರೆ. ಈಗಾಗಲೇ ಕತ್ತಿನವರೆಗೆ ಕೆಲಸ ಹೊತ್ತಿರುವ ಅವರಿಗೆ ಇನ್ನೊಂದು ಹೊರೆ ಹೊರಿಸಿ ಎನ್ನಲು ನನಗೆ ಸಂಕೋಚ. ಸಂಬಳ ಹೆಚ್ಚಿಸಿ ಹೊರಿಸುವುದಾದರೆ ಬೇರೆ ಮಾತು.

ಮನೆಯಲ್ಲಿ ಕೇಳಿಕೊಳ್ಳಬೇಕಾದದ್ದು

ಆಪ್ ಇರಲಿ, ಕ್ಯಾಲೆಂಡರ್ ಇರಲಿ, ಕಳೆದ ನಾಲ್ಕು ವಾರದ ಬಗ್ಗೆ ನಾಲ್ಕು ಪ್ರಶ್ನೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಹಗಲಿನಲ್ಲಿ ಉಬ್ಬಸ, ಕೆಮ್ಮು, ಎದೆ ಬಿಗಿತ ಬಂತೇ? ರಾತ್ರಿ ಅದರಿಂದ ಎಚ್ಚರವಾಯಿತೇ? ನೀಲಿ ಪಂಪು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ? ಉಬ್ಬಸದ ಕಾರಣ ಯಾವುದಾದರೂ ಕೆಲಸ, ಆಟ ಬಿಡಬೇಕಾಯಿತೇ? ನಾಲ್ಕಕ್ಕೂ ಇಲ್ಲ ಎಂದಾದರೆ ಹತೋಟಿ ಚೆನ್ನಾಗಿದೆ. ಒಂದಕ್ಕೆ ಹೌದು ಎಂದರೂ ವೈದ್ಯರನ್ನು ಕಾಣಿ. ಕಂಡಾಗ ಪಂಪನ್ನು ಅವರ ಎದುರಿಗೇ ಒತ್ತಿ ತೋರಿಸಿ. ಅವರು ಕೇಳದಿದ್ದರೆ ನೀವೇ ಕೇಳಿ.

ಒಂದು ವಾಕ್ಯ ಪೂರ್ತಿ ಆಡಲು ಆಗದಿರುವುದು, ತುಟಿ ನೀಲಿಯಾಗುವುದು, ಮಂಪರು, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುವುದು, ಪಂಪು ಒತ್ತಿದರೂ ಆರಾಮವಾಗದಿರುವುದು: ಇವುಗಳಲ್ಲಿ ಯಾವುದಿದ್ದರೂ ಆಪ್‌ನಲ್ಲಿ ವೈದ್ಯರನ್ನು ಹುಡುಕುತ್ತಾ ಕೂರಬೇಡಿ. ನೆಟ್ಟಗೆ ಕೂರಿಸಿ, ಪಂಪು ಒತ್ತುತ್ತಾ 108ಕ್ಕೆ ಫೋನು ಮಾಡಿ. ಮೇಲೆ ಹೇಳಿದ ಬ್ರಿಟಿಷ್ ವರದಿಯಲ್ಲಿ ನೂರಕ್ಕೆ 45 ಮಂದಿ ಸತ್ತದ್ದು ವೈದ್ಯರ ಸಹಾಯ ಕೇಳುವ ಮೊದಲೇ, ಇಲ್ಲವೇ ಅದು ತಲುಪುವ ಮೊದಲೇ.

ಪಂಪು ಮುಗಿದಿದೆಯೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಪದ್ಧತಿ ನಂಬಲು ಯೋಗ್ಯವಲ್ಲ. ಒತ್ತಿದರೆ ಗಾಳಿ ಬಂದ ಮಾತ್ರಕ್ಕೆ ಔಷಧ ಇದೆಯೆಂದಲ್ಲ. ಕೆಲವು ಪಂಪಿನ ಹಿಂಬದಿಯಲ್ಲಿ ಎಣಿಕೆ ಕಾಣುತ್ತದೆ. ಇಲ್ಲದಿದ್ದರೆ ಡಬ್ಬಿಯ ಮೇಲೆ ಎಷ್ಟು ಒತ್ತು ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 120 ಅಥವಾ 200. ದಿನಕ್ಕೆ ನಾಲ್ಕರಂತೆ ಬಳಸಿದರೆ 200 ಒತ್ತಿನ ಪಂಪು 50 ದಿನಕ್ಕೆ ಮುಗಿಯಿತು. ತೆರೆದ ದಿನವೇ ತಾರೀಖು ಬರೆದಿಡಿ.

ಆ ಯುವಕ ಈಗ ನೀಲಿ ಪಂಪಿನ ನೆನಪೋಲೆಯನ್ನು ಅಳಿಸಿ ತಡೆ ಔಷಧಕ್ಕೆ ಎರಡು ಹೊತ್ತಿನ ಅಲಾರಂ ಇಟ್ಟುಕೊಂಡಿದ್ದಾನೆ. ಅಲಾರಂ ಹೊಡೆದರೂ ಆರಿಸಿ ಮಲಗುತ್ತಾನೆಂದು ಅವನ ತಾಯಿ ಪಂಪನ್ನು ಟೂತ್‌ಬ್ರಷ್ ಲೋಟದಲ್ಲಿ ಇಟ್ಟಿದ್ದಾರೆ. ಏಪ್ರಿಲ್‌ನಿಂದ ನೆಬ್ಯುಲೈಸರಿಗೆ ಬಂದಿಲ್ಲ.

ಬಿಚ್ಚಾಣಿಕೆಯ ಹೆಂಗಸು ಘಟಕದ ಮಾಲೀಕರಿಗೆ ನನ್ನ ಚೀಟಿ ತೋರಿಸಿ ಬಿಸಿನೀರಿನ ತೊಟ್ಟಿಯ ಹತ್ತಿರ ಹೋಗದೆ ನೂಲಿನ ಕಟ್ಟು ಕಟ್ಟುವ ಕೆಲಸಕ್ಕೆ ಬದಲಾಯಿಸಿಕೊಂಡರು. ಕೂಲಿ ಸ್ವಲ್ಪ ಕಡಿಮೆಯಂತೆ. ಹೊಸ ವರ್ಷ ಹುಟ್ಟಿದ ಮೂರನೇ ದಿನ ಬಂದು ಒಂದು ದೂರು ಹೇಳಿದರು. ಅಂಗಡಿಯವರು ಈ ಸಲ ಕೊಟ್ಟ ಕ್ಯಾಲೆಂಡರಿನಲ್ಲಿ ದೇವರ ಚಿತ್ರವೇ ಮುಕ್ಕಾಲು, ತಾರೀಖಿನ ಚೌಕಗಳು ತೀರಾ ಸಣ್ಣವು. ಹಾಲಿನ ಚುಕ್ಕೆ ಹಾಕಿದರೆ ಪಂಪಿನ ಗೀಟಿಗೆ ಜಾಗವಿಲ್ಲ. ಔಷಧ ಕಂಪನಿಯ ಪ್ರತಿನಿಧಿ ತಂದುಕೊಟ್ಟಿದ್ದ ದೊಡ್ಡ ಅಕ್ಷರದ ಕ್ಯಾಲೆಂಡರೊಂದು ನನ್ನ ಹಿಂದಿನ ಗೋಡೆಯಲ್ಲಿತ್ತು. ಬಿಚ್ಚಿ ಕೊಟ್ಟೆ.